ಮಾವನ ಗಾಡಿಯ ಟಾಕಿಗೆ ಹಿಡಿದ ತುಕ್ಕು

ಮನೆಗೆ ಬೀಗ ಹಾಕಿ, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂಬ ಅನುಮಾನ ಬಂದು ತಿರುಗಿ ಮನೆಗೆ ನಡೆದು, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಅಷ್ಟರಲ್ಲಿ ಬಸ್ಸು ತಪ್ಪಿಸಿಕೊಂಡು, ಶಾಲೆಗೆ ತಡವಾಗಿ ಹೋಗಿ ಹೆಡ್‌ಮಾಸ್ತರರ ಮುಂದೆ ತಲೆ ತಗ್ಗಿಸುವ ಮನುಷ್ಯರನ್ನು ನೀವು ನೋಡಿದ್ದೀರೋ ಇಲ್ಲವೋ. ನೋಡಿಲ್ಲವಾದರೆ ನಾರಾಯಣಪೇಟೆಗೆ ಬನ್ನಿ. ಬೆಳಗಿನ ಮಕ್ತಲ್ ಬಸ್ಸಿನ ಹೊತ್ತಿಗೆ ನೇಕಾರರ ಓಣಿಯಲ್ಲಿ ಹೋದ ದಾರಿಯಲ್ಲೇ ತಿರುಗಿ ಬರುತ್ತಿರುವವನು ನಾನು.

ತೆಲಂಗಾಣ ಬೇರೆ ರಾಜ್ಯವಾದ ದಿನ ಊರಿಗೆ ಊರೇ ಗುಲಾಲು ಎರಚಿಕೊಂಡು ಕುಣಿಯುತ್ತಿತ್ತು. ನಾನೂ ಒಂದು ಚಿಟಿಕೆ ಹಚ್ಚಿಸಿಕೊಂಡೆ. ಆದರೆ ಒಳಗೊಳಗೇ, ಶಾಲೆಯ ಸರ್ವಿಸ್ ಪುಸ್ತಕಗಳು ಹೊಸ ಸರ್ಕಾರಕ್ಕೆ ಹೋಗುವಾಗ ನನ್ನದು ಎಲ್ಲಾದರೂ ದಾರಿಯಲ್ಲಿ ಬಿದ್ದುಹೋದರೆ ಏನು ಗತಿ ಎಂದು ಚಿಂತಿಸುತ್ತಿದ್ದೆ. ಮುಂದೆ ನಾರಾಯಣಪೇಟೆ ಜಿಲ್ಲೆಯಾಯಿತು. ಜನ ಪೇಢಾ ಹಂಚಿದರು. ನಾನು ಪೇಢಾ ಬಾಯಿಗೆ ಹಾಕಿಕೊಂಡು, ಜಿಲ್ಲೆಯಾದರೆ ವರ್ಗಾವಣೆಗಳು ಆಗುತ್ತವಲ್ಲ ಎಂದುಕೊಂಡೆ. ನನ್ನ ಚಿಂತೆಗಳಲ್ಲಿ ನೂರಕ್ಕೆ ತೊಂಬತ್ತು ಸುಳ್ಳಾಗುತ್ತವೆ. ಇದೊಂದು ನಿಜವಾಯಿತು. ವರ್ಗವಾದದ್ದು ನನಗಲ್ಲ, ನನ್ನ ಹೆಂಡತಿ ಗಿರಿಜಾಗೆ.

ಗಿರಿಜಾ ಆರೋಗ್ಯ ಇಲಾಖೆಯ ನರ್ಸಮ್ಮ. ಅಷ್ಟು ದಿನ ಪೇಟೆಯ ದವಾಖಾನೆಯಲ್ಲೇ ಇದ್ದವಳನ್ನು ಧನ್ವಾಡದ ಆಚೆಯ ಒಂದು ಹಳ್ಳಿಯ ಉಪಕೇಂದ್ರಕ್ಕೆ ಹಾಕಿದರು. ಅಲ್ಲಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಅದೂ ಊರೊಳಗೆ ಹೋಗುವುದಿಲ್ಲ. ದೊಡ್ಡ ರಸ್ತೆಯಲ್ಲಿ ಇಳಿದು ಮೂರು ಕಿಲೋಮೀಟರು ನಡೆಯಬೇಕು. ಅವಳ ಕೈಕೆಳಗೆ ಇನ್ನೂ ನಾಲ್ಕು ಹಳ್ಳಿ, ಎರಡು ಲಂಬಾಣಿ ತಾಂಡಾ. ಅವುಗಳಿಗೆ ಆ ಒಂದು ಬಸ್ಸೂ ಇಲ್ಲ.

ಗಾಡಿ ಬೇಕು ಎಂದು ಅವಳು ಕೇಳಿದ್ದು ಒಂದು ಸಲವಲ್ಲ. ನಾನು ಪ್ರತಿ ಸಲವೂ ‘ನೋಡೋಣ’ ಎಂದಿದ್ದೆ. ಕನ್ನಡದಲ್ಲಿ ಇಷ್ಟು ಸೌಮ್ಯವಾಗಿ ಇಲ್ಲ ಎನ್ನುವ ಇನ್ನೊಂದು ಶಬ್ದ ನನಗೆ ಸಿಕ್ಕಿಲ್ಲ. ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ಸೈಕಲ್ಲನ್ನೂ ಎದುರಿಗೆ ಎಮ್ಮೆ ಬಂದರೆ ಇಳಿದು ನೂಕುವವನು. ನನ್ನ ಕೈಯಲ್ಲಿ ಆಗದ್ದನ್ನು ಹೆಂಡತಿ ಮಾಡಿ ಎಲ್ಲಾದರೂ ಬಿದ್ದರೆ ಎಂಬ ಹೆದರಿಕೆ ಒಂದು ಕಡೆ. ಬೀಳದೆ ಸರಾಗವಾಗಿ ಮಾಡಿಬಿಟ್ಟರೆ ಎಂಬುದು ಇನ್ನೊಂದು ಕಡೆ. ಆ ಎರಡನೆಯದನ್ನು ಈಗ ನಿಮ್ಮ ಮುಂದೆ ಮಾತ್ರ ಒಪ್ಪಿಕೊಳ್ಳುತ್ತಿದ್ದೇನೆ.

ಒಂದು ದಿನ ತಾಂಡಾದಿಂದ ಹೆರಿಗೆಗೆ ಕರೆ ಬಂತು. ಇವಳು ನಡೆದು ಹೋಗುವಷ್ಟರಲ್ಲಿ ಆ ಹೆಣ್ಣುಮಗಳು ಆಟೋದಲ್ಲೇ ಹೆತ್ತಿದ್ದಳು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಮನೆಗೆ ಬಂದ ಗಿರಿಜಾ ಊಟಕ್ಕೆ ಕುಳಿತು, ರೊಟ್ಟಿ ಮುರಿದು, ಹಾಗೆಯೇ ತಟ್ಟೆಯಲ್ಲಿ ಇಟ್ಟಳು. ಮರುದಿನ ಬೆಳಿಗ್ಗೆ ನನ್ನನ್ನು ಏನೂ ಕೇಳಲಿಲ್ಲ. ಗದ್ವಾಲದಲ್ಲಿರುವ ಅಪ್ಪನಿಗೆ ಫೋನ್ ಮಾಡಿದಳು.

ನನ್ನ ಮಾವ ಚೆನ್ನಬಸಪ್ಪನವರು ಸೀರೆ ವ್ಯಾಪಾರದವರು. ವಡ್ಡೆಪಲ್ಲಿ ಕಡೆಯ ಹಳ್ಳಿಗಳಲ್ಲಿ ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಕೊಟ್ಟು, ನೇದ ಸೀರೆಗಳನ್ನು ತಂದು ಗದ್ವಾಲದಲ್ಲಿ ಮಾರುತ್ತಿದ್ದರು. ಆ ತಿರುಗಾಟವನ್ನೆಲ್ಲ ಒಂದೇ ಮೋಟರ್‌ಸೈಕಲ್ ಮೇಲೆ ಮಾಡಿದ್ದರು. ಕಣ್ಣು ಮಂಜಾದ ಮೇಲೆ ಅದನ್ನು ಹಿತ್ತಲ ಕೋಣೆಯಲ್ಲಿ ನಿಲ್ಲಿಸಿ ಎಂಟು ವರ್ಷವಾಗಿತ್ತು. ಭಾನುವಾರ ನಾವು ಹೋದಾಗ ಅವರು ಗಾಡಿಯ ಮೇಲಿನ ಗೋಣಿಚೀಲವನ್ನು ತಾವೇ ಸರಿಸಿದರು.

“ಹತ್ತ ನೋಡವ್ವ, ಮರ್ತೀಯೇನು?” ಎಂದರು ಮಗಳಿಗೆ.

ಗಿರಿಜಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಸೀಟಿನ ಮೇಲೆ ಕುಳಿತು, ಎಡಗಾಲಿನಿಂದ ಸ್ಟ್ಯಾಂಡನ್ನು ಹಿಂದಕ್ಕೆ ಒದ್ದ ರೀತಿ ನೋಡಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಹೊಸಬರು ಒದೆಯುವ ಒದೆತವಲ್ಲ. ಆಮೇಲೆ ತಿಳಿಯಿತು: ಇಂಟರ್ ಓದುವಾಗಲೇ ಅಪ್ಪ ಅವಳಿಗೆ ಕೋಟೆಯ ಬಯಲಿನಲ್ಲಿ ಗಾಡಿ ಕಲಿಸಿದ್ದರು. ಮದುವೆಯಾಗಿ ಹದಿನೆಂಟು ವರ್ಷ. ನನಗೆ ಯಾರೂ ಹೇಳಿರಲಿಲ್ಲ. “ನೀವು ಕೇಳಲಿಲ್ಲ” ಎಂದಳು ಗಿರಿಜಾ. ಅದೂ ನಿಜ.

ನನ್ನ ಮುಖ ಇಳಿದದ್ದನ್ನು ಕಂಡೋ ಏನೋ, ಮಾವ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕೈಬ್ಯಾಟರಿಯ ಬೆಳಕು ಬಿಟ್ಟು ತೋರಿಸಿದರು. ಒಳಗೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಚೆಲ್ಲಿದ ಹಾಗೆ ಕೆಂಪಗೆ ತುಕ್ಕು. ಬೆರಳು ಆಡಿಸಿದರೆ ಹಪ್ಪಳದಂತೆ ಪದರು ಪದರಾಗಿ ಏಳುತ್ತಿತ್ತು. ಇಂಜಿನ್ನಿಗೆ ಏನೂ ಆಗಿಲ್ಲ, ಈ ಟಾಕಿಯೊಂದು ಸರಿಯಾದರೆ ಗಾಡಿ ಓಡುತ್ತದೆ ಎಂದರು ಮಾವ. ಆ ಗಾಡಿ ಮಾಡುತ್ತಿದ್ದ ಕಂಪನಿ ಮುಚ್ಚಿ ಬಹಳ ವರ್ಷಗಳಾದ್ದರಿಂದ ಬೇರೆ ಟ್ಯಾಂಕು ಸಿಗುವುದಿಲ್ಲ ಎಂಬುದನ್ನೂ ಹೇಳಿದರು. ಅವರು ಅದನ್ನು ದುಃಖದಿಂದ ಹೇಳಿದರು. ನಾನು ಹಬ್ಬದ ಸುದ್ದಿಯಂತೆ ಕೇಳಿದೆ.

ನೀವು ನಂಬಬೇಕು, ನಾನು ಎಂಟನೆಯ ತರಗತಿಗೆ ವಿಜ್ಞಾನ ಹೇಳಿಕೊಡುವವನು. ಕಬ್ಬಿಣ, ಗಾಳಿ, ನೀರು, ಈ ಮೂರೂ ಕೂಡಿದರೆ ತುಕ್ಕು ಎಂದು ಇಪ್ಪತ್ತು ವರ್ಷಗಳಿಂದ ಹಲಗೆಯ ಮೇಲೆ ಬರೆಯುತ್ತಿದ್ದೇನೆ. ತುಕ್ಕಿನ ಮೇಲೆ ಇಷ್ಟು ಪ್ರೀತಿ ಆವರೆಗೆ ಎಂದೂ ಹುಟ್ಟಿರಲಿಲ್ಲ. ಟ್ಯಾಂಕು ರಿಪೇರಿ ಮಾಡಿಸುವ ಜವಾಬ್ದಾರಿ ನನ್ನದು ಎಂದು ನಾನೇ ಮುಂದಾಗಿ ಹೇಳಿದೆ. ಗಿರಿಜಾ ನನ್ನ ಕಡೆ ನೋಡಿದ ನೋಟದಲ್ಲಿ ಆಶ್ಚರ್ಯವಿತ್ತು, ಪ್ರೀತಿಯೂ ಇತ್ತು. ಆ ಪ್ರೀತಿ ನನಗೆ ಸಲ್ಲತಕ್ಕದ್ದಾಗಿರಲಿಲ್ಲ. ತೆಗೆದುಕೊಂಡೆ.

ಗಾಡಿಯನ್ನು ಮಾವ ಒಂದು ಟೆಂಪೋದಲ್ಲಿ ಹೇರಿಸಿ ಮಕ್ತಲ್‌ಗೆ ಕಳಿಸುವುದೆಂದಾಯಿತು. ಟ್ಯಾಂಕನ್ನು ಮಾತ್ರ ಬಿಚ್ಚಿ, ಅತ್ತೆಯ ಹಳೆಯ ಸೀರೆಯೊಂದರಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಗಿರಿಜಾ ಒಂದು ದಿನಕ್ಕೆ ತೌರಿನಲ್ಲಿ ಉಳಿದಳು; ನಾನೊಬ್ಬನೇ ಬಸ್ಸಿನಲ್ಲಿ ತೊಡೆಯ ಮೇಲೆ ಅದನ್ನಿಟ್ಟುಕೊಂಡು ಕುಳಿತೆ. ಪಕ್ಕದ ಮುದುಕಿ, ಕೂಸು ಮಲಗಿದೆಯೇನು ಎಂದು ತೆಲುಗಿನಲ್ಲಿ ವಿಚಾರಿಸಿದಳು. ಅದರೊಳಗೆ ಪೆಟ್ರೋಲಿನ ಹಬೆ ಇನ್ನೂ ಉಳಿದಿದ್ದು, ಯಾರಾದರೂ ಬೀಡಿ ಹಚ್ಚಿದರೆ ನಾವೆಲ್ಲ ಜುರಾಲದ ಅಣೆಕಟ್ಟು ದಾಟುವ ಮೊದಲೇ ಮೇಲಕ್ಕೆ ಹೋಗುತ್ತೇವೆ ಎಂಬ ಲೆಕ್ಕದಲ್ಲಿ ನಾನಿದ್ದೆ. ಕಂಡಕ್ಟರನಿಗೆ ವಾಸನೆ ಬಡಿಯಿತು. ಆತ ನನ್ನನ್ನೂ ನನ್ನ ಕೂಸನ್ನೂ ಆತ್ಮಕೂರಿನಲ್ಲಿ ಇಳಿಸಿದ. ತಪ್ಪು ಆತನದಲ್ಲ. ನನ್ನಂಥ ಪ್ರಯಾಣಿಕ ಹಿಂದಿನ ಸೀಟಿನಲ್ಲಿ ಕುಳಿತಿದ್ದರೆ ನಾನೇ ದೂರು ಕೊಡುತ್ತಿದ್ದೆ. ಅಲ್ಲಿಂದ ಒಂದು ಗೂಡ್ಸ್ ಆಟೋದ ಹಿಂದೆ, ಈರುಳ್ಳಿ ಚೀಲಗಳ ಮೇಲೆ ಕುಳಿತು ಮಕ್ತಲ್ ಸೇರಿದೆ.

ಮಕ್ತಲ್‌ನಲ್ಲಿ ನಮ್ಮ ಶಾಲೆಯ ಹಿಂದುಗಡೆ ಮೆಹಬೂಬ್ ಸಾಬ್ ಎಂಬ ಮೆಕ್ಯಾನಿಕ್ ಇದ್ದಾರೆ. ಹಳೆಯ ಗಾಡಿಗಳೆಂದರೆ ಅವರೇ. ಟ್ಯಾಂಕಿನೊಳಗೆ ಕಣ್ಣಿಟ್ಟು ನೋಡಿ, “ಜಂಗ್ ಜೋರ್ ಹತ್ತೈತ್ರಿ ಮಾಸ್ತರ್ರ” ಎಂದರು. ನಮ್ಮ ಸೀಮೆಯಲ್ಲಿ ಒಂದೇ ತುಕ್ಕಿಗೆ ಮೂರು ಹೆಸರು. ಕನ್ನಡ ಪುಸ್ತಕದಲ್ಲಿ ತುಕ್ಕು, ತೆಲುಗಿನವರ ಬಾಯಲ್ಲಿ ತುಪ್ಪು, ಸಾಬರ ಬಾಯಲ್ಲಿ ಜಂಗ್. ಮದುವೆಯ ಹೊಸದರಲ್ಲಿ ಗದ್ವಾಲದ ನೆಂಟರ ಮನೆಯಲ್ಲಿ ಊಟಕ್ಕೆ ಕುಳಿತಾಗ ಒಳಗಿನಿಂದ ಯಾರೋ ‘ತುಪ್ಪು ಪಟ್ಟಿಂದಿ’ ಎಂದರು. ತುಪ್ಪಕ್ಕೆ ಏನೋ ಆಗಿದೆ ಎಂದುಕೊಂಡು, ಬಡಿಸಲು ಬಂದ ತುಪ್ಪವನ್ನು ಕೈ ಅಡ್ಡ ಹಿಡಿದು ಬೇಡವೆಂದೆ, ಬರೀ ಅನ್ನ ತಿಂದೆ. ಪಾಪ, ಅವರು ಹೇಳಿದ್ದು ಬಾವಿಯ ಬಕೀಟಿಗೆ ತುಕ್ಕು ಹಿಡಿದ ಮಾತು. ಇನ್ನು ಉರ್ದುವಿನಲ್ಲಿ ಯುದ್ಧಕ್ಕೂ ತುಕ್ಕಿಗೂ ಒಂದಕ್ಷರದ ವ್ಯತ್ಯಾಸವಿದೆಯಂತೆ. ನಮ್ಮ ಕಡೆಯ ನಾಲಿಗೆಗೆ ಅದೂ ಇಲ್ಲ. ಎರಡೂ ಜಂಗ್.

ಕೈಬಿಡುವುದೇ ಒಳ್ಳೆಯದಲ್ಲವೇ ಎಂದು ನಾನು ಆಸೆಯಿಂದ ಕೇಳಿದೆ. ಮೆಹಬೂಬ್ ಸಾಬರು ಟ್ಯಾಂಕನ್ನು ಬೆರಳಿನಿಂದ ಅಲ್ಲಲ್ಲಿ ತಟ್ಟಿ, ತಗಡು ಗಟ್ಟಿಯಾಗಿದೆ, ತೂತು ಬಿದ್ದಿಲ್ಲ ಎಂದರು. “ಆಗಲಾರದ್ದೇನೈತ್ರಿ? ಹೊತ್ತು ಬೇಕು, ತಾಳ್ಮಿ ಬೇಕು. ನನ್ನ ಹತ್ರ ಎರಡೂ ಇಲ್ಲ. ನಿಮ್ಮ ಹತ್ರ ಅದಾವ. ನೀವೇ ಮಾಡ್ರಿ, ನಾ ಹೇಳ್ತೀನಿ.” ಗಾಡಿಯ ಉಳಿದ ಕೆಲಸ ತಾವು ನೋಡಿಕೊಳ್ಳುವುದಾಗಿ ಹೇಳಿದರು.

ಹೀಗೆ ತುಕ್ಕಿನ ಪಕ್ಷದವನ ಕೈಗೇ ತುಕ್ಕು ತೆಗೆಯುವ ಕೆಲಸ ಬಂತು. ಮನೆಗೆ ತಂದ ಟ್ಯಾಂಕನ್ನು ಒಲೆಯಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ, ಮಾಳಿಗೆಯ ಮೇಲೆ ಇಟ್ಟೆ. ಕೆಳಗೆ ದೇವರ ದೀಪ ಹಚ್ಚಿದರೂ ಮೇಲೆ ಹೋಗಿ ಮುಚ್ಚಳ ನೋಡಿ ಬರುತ್ತಿದ್ದೆ. ಮೊದಲು ಪೆಟ್ರೋಲು ಇಳಿಯುವ ನಲ್ಲಿಯನ್ನು ಬಿಚ್ಚಿ ಆ ತೂತಿಗೆ ಬೂಚು ಹಾಕಬೇಕು. ಸಾಬೂನು ನೀರಿನಿಂದ ಎರಡು ಮೂರು ಸಲ ತೊಳೆಯಬೇಕು. ಆಮೇಲೆ ಒಂದು ಬೊಗಸೆ ನಟ್ಟು ಬೋಲ್ಟುಗಳನ್ನು ಒಳಗೆ ಸುರಿದು ಗಲಗಲ ಅಲ್ಲಾಡಿಸಬೇಕು. ಟ್ಯಾಂಕಿನ ಮೈ ಕೆರೆಯಬಾರದೆಂದು ಕೌದಿಯಲ್ಲಿ ಸುತ್ತಿ ಆ ತುದಿ ಗಿರಿಜಾ, ಈ ತುದಿ ನಾನು ಹಿಡಿದು ತೂಗಿದೆವು. ಪಕ್ಕದ ಮನೆಯ ಬಸಮ್ಮ ಮಗ್ಗ ನಿಲ್ಲಿಸಿ ಹೊರಗೆ ಬಂದು, ಹೊಸ ಮಗ್ಗ ಹಾಕಿದಿರೇನು ಎಂದು ಕೆಳಗಿನಿಂದ ಕೇಳಿದಳು.

ಮೂರು ಸಂಜೆ ಹಾಗೆ ತೂಗಿದೆವು. ಬಹಳ ವರ್ಷಗಳ ಮೇಲೆ ಗಂಡ ಹೆಂಡತಿ ಒಂದೇ ಕೆಲಸಕ್ಕೆ ಎದುರುಬದುರು ಕುಳಿತಿದ್ದೆವು. ಅವಳು ತನ್ನ ಹಳ್ಳಿಗಳ ಸುದ್ದಿ ಹೇಳುತ್ತಿದ್ದಳು: ಸೂಜಿ ಎಂದರೆ ಓಡಿಹೋಗಿ ಜೋಳದ ಹೊಲದಲ್ಲಿ ಅಡಗುವ ಗೌಡರ ವಿಷಯ, ಮಾತ್ರೆಗಳನ್ನು ಕೋಳಿಗೆ ಹಾಕಿದ ಅಜ್ಜಿಯ ವಿಷಯ. ಉದುರಿದ ತುಕ್ಕನ್ನು ಸುರುವಿದರೆ ಬುಟ್ಟಿ ತುಂಬ ಕೆಂಪು ಮಣ್ಣು. ಆಮೇಲೆ ಟ್ಯಾಂಕಿನ ತುಂಬ ಸಿರ್ಕಾ, ಅಂದರೆ ವಿನೆಗರ್, ಹಾಕಿ ನಾಲ್ಕು ದಿನ ಬಿಟ್ಟೆವು. ಉಪ್ಪಿನಕಾಯಿಗೆ ಹಾಕುವ ಹುಳಿ ಸಿರ್ಕಾವೇ. ಬಸಮ್ಮ ಹುಣಸೆ ಹುಳಿಯಿಂದಲೂ ಆಗುತ್ತದೆ ಎಂದು ಹಟ ಹಿಡಿದದ್ದರಿಂದ ಅವಳ ಸಮಾಧಾನಕ್ಕೆ ಮುಚ್ಚಳವನ್ನು ಹುಣಸೆಯಲ್ಲಿ ನೆನೆಹಾಕಿದೆವು. ಅದೂ ಬೆಳ್ಳಗಾಯಿತು. ಕೊನೆಗೆ ಹುಳಿ ಉಳಿಯಬಾರದೆಂದು ಸೋಡಾಪುಡಿ ಕದಡಿದ ನೀರಿನಿಂದ ಗಿರಿಜಾ ಒಳಗೆಲ್ಲ ತೊಳೆದಳು, ಹಳೆಯ ಗಾಯ ತೊಳೆಯುವ ಹಾಗೆ, ಅವಸರವಿಲ್ಲದೆ. ಬ್ಯಾಟರಿ ಬಿಟ್ಟು ನೋಡಿದರೆ ಎಂಟು ವರ್ಷ ಕತ್ತಲಲ್ಲಿದ್ದ ತಗಡು ಬೆಳ್ಳಿ ಬಟ್ಟಲಿನಂತೆ ಹೊಳೆಯಿತು. ನನಗೆ ಗೊತ್ತಿಲ್ಲದೆ ನಾನು ‘ಆಹಾ’ ಎಂದೆ. ಹಾಗೆ ಅಂದ ಮೇಲೆ ಹೆದರಿದೆ. ಏಕೆಂದರೆ ಈ ಕೆಲಸ ಆಗಿಹೋಗುವ ಲಕ್ಷಣ ಕಾಣುತ್ತಿತ್ತು.

ಇನ್ನು ಉಳಿದದ್ದು ಒಳಲೇಪ. ಬೆತ್ತಲೆ ತಗಡಿಗೆ ಗಾಳಿ ತಾಗಿದರೆ ಮತ್ತೆ ತುಕ್ಕು ಹಿಡಿಯುತ್ತದೆ. ಅದಕ್ಕೆಂದೇ ಎರಡು ಡಬ್ಬಿಗಳಲ್ಲಿ ಬರುವ ಒಂದು ಔಷಧವನ್ನು ಮೆಹಬೂಬ್ ಸಾಬರು ರಾಯಚೂರಿನಿಂದ ತರಿಸಿಕೊಟ್ಟಿದ್ದರು. ಎರಡನ್ನೂ ಕಲಸಿ ಟ್ಯಾಂಕಿಗೆ ಹಾಕಿ, ಎಲ್ಲ ಮೂಲೆಗೂ ಹರಿಯುವಂತೆ ನಿಧಾನವಾಗಿ ತಿರುಗಿಸಿ, ಹೆಚ್ಚಾದದ್ದನ್ನು ಸುರಿದು ಒಣಗಲು ಬಿಟ್ಟರೆ ಒಳಗೆ ಗಾಜಿನಂಥ ಪದರ ಕಟ್ಟುತ್ತದೆ. ಅವರು ಒಂದೇ ಒಂದು ಮಾತನ್ನು ಮೂರು ಸಲ ಹೇಳಿದ್ದರು. ಟ್ಯಾಂಕು ಬಿಸಿಲಿಗೆ ಪೂರಾ ಒಣಗಿರಬೇಕು. ಒಂದು ಹನಿ ನೀರಿದ್ದರೂ ಪದರ ಹಿಡಿಯುವುದಿಲ್ಲ. ಇವತ್ತು ಹಿಡಿದಂತೆ ಕಂಡರೂ ನಾಳೆ ಏಳುತ್ತದೆ.

ಟ್ಯಾಂಕು ಬಿಸಿಲಿನಲ್ಲಿ ಒಂದು ದಿನ ಇತ್ತು. ಎರಡನೆಯ ದಿನ ಬೆಳಿಗ್ಗೆ ಗಿರಿಜಾ ಡಬ್ಬಿಗಳನ್ನು ತೆಗೆದುಕೊಂಡು ಮಾಳಿಗೆಗೆ ಬಂದಳು. ಅವಳಿಗೆ ಅಂದು ರಜೆ, ಮುಂದಿನ ರಜೆ ಇನ್ನೆಂದೋ. ನಾನು ಅದಾಗಲೇ ಬ್ಯಾಟರಿ ಬಿಟ್ಟು ನೋಡಿದ್ದೆ. ಕೆಳಗಡೆ ಎರಡು ತಗಡು ಕೂಡುವ ಹೊಲಿಗೆಯಲ್ಲಿ ನೀರಿನ ಒಂದು ಗೆರೆ, ಕೂದಲೆಳೆಯಷ್ಟು, ಫಳಕ್ಕೆಂದಿತ್ತು.

“ಒಣಗೇತೇನ್ರಿ?” ಎಂದಳು.

“ಒಣಗೇತಿ” ಎಂದೆ.

ಆ ಒಂದು ಶಬ್ದಕ್ಕೆ ನಾನು ಕೊಟ್ಟುಕೊಂಡ ಸಮರ್ಥನೆಗಳನ್ನು ಕೇಳಿ. ಪದರ ಏಳುತ್ತದೆ, ಮೆಹಬೂಬ್ ಸಾಬರ ಅಂಗಡಿಯಲ್ಲಿ ಪೆಟ್ರೋಲು ಹಾಕಿದ ಕೂಡಲೇ ಅದು ಗೊತ್ತಾಗುತ್ತದೆ, ಈ ಟ್ಯಾಂಕಿನ ಹಣೆಬರಹ ಇಷ್ಟೇ ಎಂದು ಅವರು ಕೈ ಚೆಲ್ಲುತ್ತಾರೆ, ಯಾರಿಗೂ ಪೆಟ್ಟಾಗುವುದಿಲ್ಲ, ಗಿರಿಜಾ ಎರಡು ದಿನ ಬೇಸರಪಟ್ಟು ಸುಮ್ಮನಾಗುತ್ತಾಳೆ. ಅವಳನ್ನು ಉಳಿಸಲಿಕ್ಕಾಗಿಯೇ ಅಲ್ಲವೇ ನಾನು ಹೇಳಿದ್ದು? ಸುಳ್ಳು ಹೇಳುವವರಿಗೆ ಎಷ್ಟು ಬೇಗ ಒಳ್ಳೆಯವರಾಗಲು ಬರುತ್ತದೆ ನೋಡಿ.

ನನ್ನ ಲೆಕ್ಕದಂತೆ ಏನೂ ನಡೆಯಲಿಲ್ಲ. ಪದರ ಒಣಗಿ ಗಾಜಿನಂತೆಯೇ ಕೂತಿತು. ಟ್ಯಾಂಕು ಗಾಡಿಗೆ ಏರಿತು, ಪೆಟ್ರೋಲು ಬಿತ್ತು, ಒಂದು ತೊಟ್ಟೂ ಸೋರಲಿಲ್ಲ. ಮೆಹಬೂಬ್ ಸಾಬರು ನನ್ನ ಬೆನ್ನು ತಟ್ಟಿದರು. ಗಿರಿಜಾ ಮಕ್ತಲ್‌ನಿಂದ ನಾರಾಯಣಪೇಟೆಗೆ ಗಾಡಿ ಹೊಡೆದುಕೊಂಡು ಬಂದಳು. ನಾನು ಬಸ್ಸಿನಲ್ಲಿ ಬಂದೆ. ಕಿಟಕಿಯಿಂದ ನೋಡುತ್ತಲೇ ಇದ್ದೆ. ನಮ್ಮ ಬಸ್ಸನ್ನು ದಾಟಿ ಹೋಗುವಾಗ ಅವಳು ಕೈ ಎತ್ತಲಿಲ್ಲ, ತಿರುಗಿಯೂ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದಳು. ಅಷ್ಟು ನೆಟ್ಟಗೆ ಅವಳು ಕುಳಿತದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಅಂದಿನಿಂದ ಶುರುವಾದ ಅಂಜಿಕೆ ನನ್ನ ಹಳೆಯ ಅಂಜಿಕೆಗಳಂಥದ್ದಲ್ಲ. ಬೀಗ ಬಿದ್ದಿದೆಯೇ ಎಂಬ ಅಂಜಿಕೆಗೆ ತಿರುಗಿ ಬಂದು ಜಗ್ಗಿ ನೋಡುವ ಉಪಾಯವಿದೆ. ಇದಕ್ಕೆ ಏನಿದೆ? ಮಕ್ಕಳಿಗೆ ಪಾಠ ಹೇಳುತ್ತಿರುವಾಗ ತಗಡಿನ ಹೊಲಿಗೆಯಲ್ಲಿದ್ದ ಆ ನೀರಿನ ಗೆರೆ ಹಲಗೆಯ ಮೇಲೆ ಕಾಣುತ್ತಿತ್ತು. ಅವಳು ಹೊರಟ ಮೇಲೆ ಗಾಡಿ ನಿಂತಿದ್ದ ಜಾಗದಲ್ಲಿ ನೆಲ ಮುಟ್ಟಿ ಮೂಸುತ್ತಿದ್ದೆ. ವಾರಕ್ಕೆರಡು ಸಲ ಮುಚ್ಚಳ ತೆಗೆದು ಬ್ಯಾಟರಿ ಬಿಡುತ್ತಿದ್ದೆ. ಗಿರಿಜಾ ಇದನ್ನು ಕಂಡು, ಗಾಡಿಯ ಮೇಲೆ ನನಗೆ ಮಮತೆ ಹುಟ್ಟಿದೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದಳು. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ನಾಳೆ ನೋಡೋಣ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಎರಡು ತಿಂಗಳು ಕಳೆಯಿತು. ಒಂದು ಸಂಜೆ ಶಾಲೆಯಿಂದ ಮನೆಗೆ ಬಂದಾಗ ಗಿರಿಜಾ ಪಡಸಾಲೆಯಲ್ಲಿ ಕುಳಿತಿದ್ದಳು. ಕಾಲು ತೊಳೆದಿರಲಿಲ್ಲ. ಸೀರೆಯ ಅಂಚಿಗೆ ಮೊಣಕಾಲಿನವರೆಗೆ ಕರಿಮಣ್ಣು. ನಾನು ಕೇಳುವ ಮೊದಲೇ ಅವಳೇ ಹೇಳಿದಳು.

ತಾಂಡಾದಲ್ಲಿ ಹೆರಿಗೆಯಾಗಿ ನಾಲ್ಕು ದಿನವಾದ ಬಾಣಂತಿಗೆ ರಕ್ತ ಹೋಗಲು ಶುರುವಾಗಿದೆ ಎಂದು ಬೆಳಿಗ್ಗೆ ಫೋನ್ ಬಂದಿತ್ತು. ಆಂಬುಲೆನ್ಸಿಗೆ ಹೇಳಿ, ಅದು ಬರುವಷ್ಟರಲ್ಲಿ ಇಂಜೆಕ್ಷನ್ ಕೊಡೋಣವೆಂದು ಇವಳು ಗಾಡಿ ಹತ್ತಿದಳು. ನಡುದಾರಿಯಲ್ಲಿ, ಎರಡೂ ಕಡೆ ಹತ್ತಿಹೊಲ ಬಿಟ್ಟರೆ ಏನೂ ಇಲ್ಲದ ಕಡೆ, ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಪೈಪು ಬಿಚ್ಚಿ ಊದಿದಳು. ಪೆಟ್ರೋಲು ಇಳಿಯಲಿಲ್ಲ. ಗಾಡಿಯನ್ನು ಅಲ್ಲೇ ಬೇವಿನ ಮರಕ್ಕೆ ಒರಗಿಸಿ, ಚೀಲ ಎತ್ತಿಕೊಂಡು ಹೊಲ ಬಿದ್ದು ಓಡಿದಳು. ಸುಮಾರು ದೂರ ಹೋದ ಮೇಲೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಹೋಗಿ ಮುಟ್ಟಿದಾಗ ಆ ಹುಡುಗಿಯ ತುಟಿಗಳು ಬೆಳ್ಳಗಾಗಿದ್ದವು. ಸೂಜಿ ಕೊಟ್ಟಳು, ಸಲೈನ್ ಹಚ್ಚಿದಳು, ಆಂಬುಲೆನ್ಸ್ ಬಂತು. ಮೆಹಬೂಬ್‌ನಗರದ ದವಾಖಾನೆಯಲ್ಲಿ ರಕ್ತ ಕೊಟ್ಟರು. ಈಗ ಬದುಕಿದ್ದಾಳೆ, ಹುಷಾರಾಗುತ್ತಾಳೆ. ಇಷ್ಟನ್ನೂ ಗಿರಿಜಾ ತಗ್ಗಿದ ದನಿಯಲ್ಲಿ, ರಿಪೋರ್ಟು ಓದುವ ಹಾಗೆ ಹೇಳಿದಳು.

“ಬಂಕಿನ ಪೆಟ್ರೋಲಿನ್ಯಾಗ ಏನರ ಕಸ ಬಂದಿರಬೇಕು ನೋಡ್ರಿ” ಎಂದಳು ಕೊನೆಗೆ.

ಎಂಥ ಅನುಕೂಲವಾದ ಮಾತು. ಒಂದು ಹ್ಞೂಂ ಅಂದಿದ್ದರೆ ಸಾಕಿತ್ತು. ಬಂಕಿನವರನ್ನು ನಾಲ್ಕು ಮಾತು ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ನನ್ನ ಬಾಯಿ ಅದಕ್ಕೆ ತೆರೆದೂ ಇತ್ತು. ಆದರೆ ಆ ಕರಿಮಣ್ಣಿನ ಕಾಲುಗಳು ಎದುರಿಗಿದ್ದವು. ಹೇಳಿದೆ. ಆ ದಿನ ಹೊಲಿಗೆಯಲ್ಲಿ ನೀರಿತ್ತು, ನಾನು ನೋಡಿದ್ದೆ, ನೋಡಿಯೂ ಒಣಗಿದೆ ಎಂದೆ, ಯಾಕೆ ಹಾಗೆಂದೆ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಎಷ್ಟು ಸಣ್ಣದಾಗಿ, ಎಷ್ಟು ಕೆಟ್ಟದಾಗಿ ಕೇಳಿಸಿತು.

ಅವಳು ಕೂಗಾಡಲಿಲ್ಲ. ಸೀರೆಯ ಅಂಚಿನ ಕರಿಮಣ್ಣನ್ನು ಉಗುರಿನಿಂದ ಕೆರೆದಳು. ಆಮೇಲೆ, “ನೀವು ಅಂಜತೀರಿ ಅಂತ ಗೊತ್ತಿತ್ತು. ಸುಳ್ಳ ಹೇಳ್ತೀರಿ ಅಂತ ಗೊತ್ತಿದ್ದಿಲ್ಲ” ಎಂದು ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡಳು.

ಮರುದಿನದಿಂದ ಮತ್ತೆ ಬಸ್ಸು, ಮತ್ತೆ ನಡಿಗೆ. ಮನೆಯಲ್ಲಿ ಮಾತು ಅನ್ನ, ಸಾರು, ಹಾಲಿನವನು, ಇಷ್ಟಕ್ಕೇ ಇಳಿಯಿತು. ನಾನು ಗಾಡಿಯನ್ನು ಹೇರಿಸಿಕೊಂಡು ಮೆಹಬೂಬ್ ಸಾಬರ ಬಳಿ ಹೋದೆ. ಅವರು ನಲ್ಲಿ ಬಿಚ್ಚಿದರು. ಪೆಟ್ರೋಲು ಸೋಸುವ ಜಾಳಿಗೆಗೆ ಈರುಳ್ಳಿ ಸಿಪ್ಪೆಯಂಥ ಚಕ್ಕೆ ಅಂಟಿಕೊಂಡಿತ್ತು. ಹೊಲಿಗೆಯುದ್ದಕ್ಕೂ ಪದರ ಎದ್ದಿತ್ತು, ಅದರಡಿಯಲ್ಲಿ ಹೊಸ ತುಕ್ಕು. ಅವರಿಗೂ ನಿಜ ಹೇಳಿದೆ. ಕೈ ಒರೆಸಿಕೊಂಡು ನನ್ನನ್ನೇ ನೋಡಿದರು. ಎಂಟು ವರ್ಷದ ತುಕ್ಕು ಬಿಡಿಸಬಹುದು ಮಾಸ್ತರೇ, ಸುಳ್ಳಿನ ಮೇಲೆ ಹಚ್ಚಿದ ಲೇಪ ಬಿಡಿಸುವುದು ಅದಕ್ಕಿಂತ ಕಷ್ಟ ಎಂಬರ್ಥದ ಮಾತನ್ನು ಅರ್ಧ ಉರ್ದುವಿನಲ್ಲಿ ಹೇಳಿದರು. ಅವರು ತತ್ವ ಹೇಳುತ್ತಿರಲಿಲ್ಲ, ಕೆಲಸದ ಮಾತೇ ಹೇಳುತ್ತಿದ್ದರು ಎಂಬುದು ಮನೆಗೆ ಬಂದ ಮೇಲೆ ಅರ್ಥವಾಯಿತು.

ತುಕ್ಕಾದರೆ ಹುಳಿಗೆ ಕರಗುತ್ತದೆ. ಆ ಲೇಪ ಯಾವುದಕ್ಕೂ ಕರಗುವುದಿಲ್ಲ. ಘಾಟು ಕಣ್ಣಿಗೆ ಹೊಡೆಯುವ ಒಂದು ದ್ರಾವಣ ಹಾಕಿ ಮೆತ್ತಗಾಗಿಸಬೇಕು, ಮತ್ತೆ ಬೋಲ್ಟು ಸುರಿದು ಅಲ್ಲಾಡಿಸಬೇಕು, ಉಳಿದದ್ದನ್ನು ತಂತಿ ಬಾಗಿಸಿ ಮುಚ್ಚಳದ ಬಾಯಿಂದ ಕೆರೆಯಬೇಕು. ಶಾಲೆ ಬಿಟ್ಟ ಮೇಲೆ ದಿನಾ ಮಾಳಿಗೆ ಹತ್ತುತ್ತಿದ್ದೆ. ಈ ಸಲ ಕೌದಿಯ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಒಂದು ತುದಿಯನ್ನು ಕಂಬಕ್ಕೆ ಕಟ್ಟಿಕೊಂಡೆ. ಬಸಮ್ಮ ಕೆಳಗೆ ನಿಂತು, ಮಗ್ಗದ ಸದ್ದು ಯಾಕೋ ಒಂಟಿಯಾಗಿದೆಯಲ್ಲ ಎಂದಳು. ಆ ಮುದುಕಿಗೆ ಎಲ್ಲ ಗೊತ್ತಾಗುತ್ತದೆ.

ತೊಳೆದಾದ ಮೇಲೆ ಟ್ಯಾಂಕನ್ನು ಒಂದಲ್ಲ, ಏಳು ದಿನ ಬಿಸಿಲಿನಲ್ಲಿಟ್ಟೆ. ದಿನಕ್ಕೆ ಹತ್ತು ಸಲ ಬ್ಯಾಟರಿ ಬಿಟ್ಟೆ. ನೀರು ಇಲ್ಲ ಎಂದು ಕಣ್ಣು ಹೇಳಿದರೂ ನಂಬದೆ, ಹತ್ತಿಬಟ್ಟೆ ಸುತ್ತಿದ ತಂತಿಯನ್ನು ಹೊಲಿಗೆಯುದ್ದಕ್ಕೂ ಎಳೆದು ಕೆನ್ನೆಗೆ ಹಚ್ಚಿ ನೋಡಿದೆ. ಈ ಹಾಳು ಅನುಮಾನದ ಸ್ವಭಾವ ಜೀವನದಲ್ಲಿ ಮೊದಲ ಬಾರಿಗೆ ಒಂದು ಸರಿಯಾದ ಕೆಲಸಕ್ಕೆ ಬಿದ್ದಿತ್ತು. ಎಂಟನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಗಿರಿಜಾ, ನನ್ನ ಕಣ್ಣಿಗೆ ಒಣಗಿದಂಗ ಕಾಣತೈತಿ. ನೀ ಒಮ್ಮೆ ನೋಡು” ಎಂದೆ.

ಅವಳು ಸೌಟು ಕೆಳಗಿಟ್ಟಳು. ಮಾಳಿಗೆಗೆ ಬಂದು, ನನ್ನ ಕೈಯಿಂದ ಬ್ಯಾಟರಿ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಟ್ಯಾಂಕನ್ನು ಹೊರಳಿಸಿ ಆ ಕಡೆಯಿಂದಲೂ ನೋಡಿದಳು. “ಡಬ್ಬಿ ತರ್ರಿ” ಎಂದಳು. ಅಷ್ಟೇ. ರಾಯಚೂರಿನಿಂದ ಮತ್ತೆ ತರಿಸಿದ್ದ ಎರಡು ಡಬ್ಬಿಯನ್ನೂ ಅವಳೇ ಕಲಸಿದಳು. ಟ್ಯಾಂಕನ್ನು ಇಬ್ಬರೂ ಹಿಡಿದು ಎಡಕ್ಕೆ, ಬಲಕ್ಕೆ, ಬೋರಲಾಗಿ ತಿರುಗಿಸಿದೆವು. ಕ್ಷಮಿಸಿದೆ ಎಂದು ಅವಳು ಆಗಲೂ ಹೇಳಲಿಲ್ಲ, ಈವರೆಗೂ ಹೇಳಿಲ್ಲ. ನಾನೂ ಕೇಳಿಲ್ಲ. ಕೆಲವು ಲೇಪಗಳಿಗೆ ಒಣಗಲು ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ದಿನ ಬೇಕು.

ಗಾಡಿ ಈಗ ಎರಡನೆಯ ವರ್ಷ ಓಡುತ್ತಿದೆ. ಟ್ಯಾಂಕಿನಿಂದ ಒಂದು ಚಕ್ಕೆಯೂ ಎದ್ದಿಲ್ಲ. ಹೋದ ಬುಧವಾರ ನನಗೆ ರಜೆಯಿತ್ತು, ಗಿರಿಜಾಗೆ ತಾಂಡಾದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ. ಜೊತೆಗೆ ಹೋಗುವ ಹೆಣ್ಣುಮಗಳಿಗೆ ಜ್ವರ. ಲಸಿಕೆಯ ಐಸ್ ಡಬ್ಬಿ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ನಾನು ಬರುತ್ತೇನೆ ಎಂದೆ. ಅವಳು ಒಂದು ಗಳಿಗೆ ಯೋಚಿಸಿ ಡಬ್ಬಿಯ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿದಳು.

ಧನ್ವಾಡದವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಅಲ್ಲಿಂದ ಮುಂದೆ ಮಣ್ಣಿನ ದಾರಿ, ದಾರಿಗಿಂತ ಹೆಚ್ಚು ಗುಂಡಿ. ಒಂದೊಂದು ಗುಂಡಿಗೂ ನಾನು ಒಂದೊಂದು ದೇವರ ಹೆಸರು ಹೇಳುತ್ತಿದ್ದೆ. ಎರಡು ಕೈಯಿಂದ ಅವಳ ಹೆಗಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಗಾಡಿಯನ್ನು ನಾನೇ ಹೊಡೆಯುತ್ತಿದ್ದೇನೆಯೋ ಏನೋ ಎನ್ನಬೇಕು. ತಾಂಡಾ ಇನ್ನೂ ಒಂದು ಮೈಲು ಇರುವಾಗ ಅವಳು ತಲೆ ತಿರುಗಿಸದೆ ಹೇಳಿದಳು:

“ಕೈ ಸಡಿಲ ಬಿಡ್ರಿ. ನೀವು ಹಿಂಗ ಹಿಡದ್ರ ನನಗ ಹ್ಯಾಂಡಲ್ ತಿರುಗಸಾಕ ಆಗಂಗಿಲ್ಲ.”

ಒಂದು ಕೈ ಬಿಟ್ಟೆ. ಏನೂ ಆಗಲಿಲ್ಲ. ಎರಡನೆಯದನ್ನು ಬಿಡುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಅವಳೂ ಅವಸರ ಮಾಡುತ್ತಿಲ್ಲ.